ನಾದಿನಿಯ ಅರ್ಧ ಕೋಣೆ

ನನ್ನ ನಾದಿನಿ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಭೌತಶಾಸ್ತ್ರದ ಟೀಚರಾಗಿದ್ದಳು. ಮನೆಯಲ್ಲಿ ಅವಳಿಗೆ ಯಾಕಮ್ಮ ಎಂದು ಹೆಸರು. ಹಾಗೆ ಕರೆದವರು ನಮ್ಮ ಅತ್ತೆ, ಅವಳನ್ನು ಹೆತ್ತವರು. ಮಾತು ಬಂದ ದಿನದಿಂದ ಪ್ರತಿಯೊಂದಕ್ಕೂ ಯಾಕೆ ಯಾಕೆ ಎಂದು ಪ್ರಾಣ ತಿಂದಳಂತೆ. "ಬೇರೆ ಮಕ್ಕಳು ಹುಟ್ಟಿದಾಗ ಅಳ್ತವೆ, ಇದು ಯಾಕೆ ಹೆತ್ತೆ ಅಂತ ಕೇಳ್ತು" ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು.

ಅವಳು ಹೋಗಿ ಮೂರನೆಯ ವರ್ಷ ನಡೆಯುತ್ತಿದೆ. ಅವಳ ಕೈಕೆಳಗೆ ಕಲಿತವರು ಮನೆಗೆ ಬಂದಾಗ, ನಮ್ಮ ಟೀಚರ್ ಮನೆಯಲ್ಲಿ ಹೇಗಿದ್ದರು, ಬರೆದುಕೊಡಿ ಎಂದು ಕೇಳುತ್ತಾರೆ. ನಾನು ಎರಡನೆಯ ಕ್ಲಾಸಿಗೇ ಶಾಲೆ ಬಿಟ್ಟವಳು. ನಿಧಾನವಾಗಿ ಬರೆಯುತ್ತೇನೆ.

ನಮ್ಮದು ಸೈಕಲ್ ಅಂಗಡಿಯ ಮೇಲಿನ ಮನೆ. ಎರಡು ಸಣ್ಣ ರೂಮು, ಒಂದು ದೊಡ್ಡ ಅಡುಗೆಮನೆ. ನನ್ನ ಯಜಮಾನರು ಬಸ್ ಡ್ರೈವರ್. ಅವರು ಡ್ಯೂಟಿ ಮುಗಿಸಿ ಬರುವವರೆಗೆ ನಾವು ಮೂರು ಹೆಂಗಸರು ಅಡುಗೆಮನೆಯಲ್ಲೇ ಇರುತ್ತಿದ್ದೆವು. ನಾದಿನಿ ಮದುವೆಯಾಗಲಿಲ್ಲ. ಬಂದ ಗಂಡುಗಳನ್ನೂ ಅವಳು ಪ್ರಶ್ನೆ ಕೇಳಿ ಓಡಿಸಿದಳು ಎಂದು ಅತ್ತೆಯ ದೂರು. ನಿಜಕ್ಕೂ ಬಂದಿದ್ದವನು ಒಬ್ಬನೇ, ಅವನನ್ನು ಕೇಳಲು ಅವಳಿಗೆ ಒಂದು ಪ್ರಶ್ನೆಯೂ ಹೊಳೆಯಲಿಲ್ಲ, ಆದ್ದರಿಂದಲೇ ಅವನು ಬೇಡವಾದ ಎನ್ನುವುದು ನನಗೆ ಗೊತ್ತು.

ಮಾರನೆಯ ದಿನ ಶಾಲೆಯಲ್ಲಿ ಹೇಳುವ ಪಾಠವನ್ನು ಹಿಂದಿನ ಸಂಜೆ ಅಡುಗೆಮನೆಯಲ್ಲಿ ನನಗೆ ಹೇಳಿ ನೋಡುವುದು ಅವಳ ಪದ್ಧತಿ. ಪಾತ್ರೆ ಬೀರುವಿಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದಳು. ನಾನು ತರಕಾರಿ ಹೆಚ್ಚುತ್ತಿದ್ದೆ. ಅವಳು ನನ್ನ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದಳು. ಕೇಳುತ್ತ ಕೇಳುತ್ತ ನನ್ನ ಚಾಕು ತಾನಾಗಿ ನಿಂತರೆ ಪಾಠ ಸರಿಯಾಗಿದೆ ಎಂದು ಅರ್ಥ. ಚಾಕು ಒಂದೇ ಸಮನೆ ಓಡುತ್ತಿದ್ದರೆ ಮೊದಲಿನಿಂದ ಶುರುಮಾಡುತ್ತಿದ್ದಳು.

"ಅತ್ತಿಗೆ, ಚಾಕು ನಿಲ್ಲಲೇ ಇಲ್ಲ."

"ಅಡುಗೆ ಆಗಬೇಡ್ವಾ? ನಿಮ್ಮಣ್ಣ ಬಂದು ನಿನ್ನ ಪಾಠ ಊಟ ಮಾಡ್ತಾರಾ?"

"ಅದಲ್ಲ. ನಾನು ಹೇಳಿದ್ದು ಹಿಡಿಸಲಿಲ್ಲ ನಿಮಗೆ. ಇನ್ನೊಂದ್ಸಲ ಹೇಳ್ತೀನಿ ಇರಿ."

ಹೀಗೆ ವರ್ಷ ವರ್ಷ ಆ ಇಡೀ ಪುಸ್ತಕ ನನ್ನ ಕಿವಿಯ ಮೇಲೆ ಬಿತ್ತು. ಬೆಳಕು ಬಾಗುವುದು, ಶಬ್ದ ಹರಿಯುವುದು, ಕಬ್ಬಿಣ ಮುಳುಗಿದರೂ ಹಡಗು ತೇಲುವುದು. ಲೆಕ್ಕ ಮಾತ್ರ ಇವತ್ತಿಗೂ ಬಾರದು. ಕೇಳುವುದಕ್ಕೆ ಚೆನ್ನಾಗಿತ್ತು, ಅಷ್ಟೆ.

ನಾನು ಹೇಳಬೇಕೆಂದಿರುವುದು ಹೊಲಿಗೆ ಮೆಷಿನ್ನುಗಳು ಬಂದ ವರ್ಷದ ಸಂಗತಿ.

ಆ ಶಾಲೆಯಲ್ಲಿ ಎಂಟನೆಯ ಕ್ಲಾಸು ಮುಗಿದ ಮೇಲೆ ಹುಡುಗಿಯರು ಭೌತಶಾಸ್ತ್ರ ಬೇಕೋ ಹೊಲಿಗೆ ಬೇಕೋ ಎಂದು ಆರಿಸಿಕೊಳ್ಳಬೇಕಿತ್ತು. ನಾದಿನಿಗಿಂತ ಮೊದಲು ಆ ಪಾಠ ಮಾಡುತ್ತಿದ್ದ ಮೇಷ್ಟ್ರು ಮೊದಲನೆಯ ದಿನವೇ ಬೋರ್ಡ್ ತುಂಬ ಸೂತ್ರ ಬರೆದು, "ಇದರಲ್ಲಿ ಅರ್ಧ ಜನ ಫೇಲಾಗ್ತೀರಿ, ಯಾರು ಅಂತ ನೀವೇ ನೋಡ್ಕೊಳ್ಳಿ" ಎನ್ನುತ್ತಿದ್ದರಂತೆ. ಅವರು ಹೋದರೂ ಹೆದರಿಕೆ ಹೋಗಲಿಲ್ಲ. ಭೌತಶಾಸ್ತ್ರವೆಂದರೆ ಕಬ್ಬಿಣದ ಕಡಲೆ ಎಂದು ಅಕ್ಕಂದಿರು ತಂಗಿಯರಿಗೆ ಹೇಳಿಕೊಟ್ಟಿದ್ದರು. ಹುಡುಗಿಯರು ಹೊಲಿಗೆಯ ಕಡೆಗೇ ಹೋಗುತ್ತಿದ್ದರು. ನಾದಿನಿಯ ಬೆಂಚುಗಳು ವರ್ಷದಿಂದ ವರ್ಷಕ್ಕೆ ಬರಿದಾಗುತ್ತಿದ್ದವು.

ಆ ಬೇಸಿಗೆಯಲ್ಲಿ ಯಾರೋ ದಾನಿಗಳು ಶಾಲೆಗೆ ಹೊಸ ಹೊಲಿಗೆ ಮೆಷಿನ್ನುಗಳನ್ನು ಕೊಟ್ಟರು. ಇಡಲು ಜಾಗವಿರಲಿಲ್ಲ. ಮರದ ಪೆಟ್ಟಿಗೆಗಳಲ್ಲೇ ಅವನ್ನು ತಂದು ಭೌತಶಾಸ್ತ್ರದ ಕೋಣೆಯ ಬಾಗಿಲ ಪಕ್ಕ ಒಂದರ ಮೇಲೊಂದು ಪೇರಿಸಿದರು. ಆ ಕೋಣೆ ಓಣಿಯ ಕೊನೆಯಲ್ಲಿತ್ತು. ಎತ್ತರದ ಕಿಟಕಿ, ಉದ್ದನೆಯ ಮೇಜು, ಒಂದು ಗೋಡೆಯಲ್ಲಿ ನಲ್ಲಿ, ಗಾಜಿನ ಬೀರುವಿನಲ್ಲಿ ಅವಳ ಸಾಮಾನು. ಪ್ರತಿ ಶನಿವಾರ ಬಿಳಿ ಬಟ್ಟೆಯಿಂದ ತಾನೇ ಅವನ್ನು ಒರೆಸುತ್ತಿದ್ದಳು. ಮನೆಯಲ್ಲಿ ತನ್ನ ತಟ್ಟೆಯನ್ನೂ ತೊಳೆಯದವಳು.

ಹೆಡ್ ಮೇಡಂ ಅವಳನ್ನು ಕರೆಸಿ ಹೇಳಿದರು: ಅಪ್ಪ ಅಮ್ಮಂದಿರು ಬರುವ ದಿನ ನೀವೂ ಮಾತಾಡಿ. ಮೂರು ಬೆಂಚು ತುಂಬಿದರೆ ಕ್ಲಾಸು ನಡೆಯಲಿ. ಇಲ್ಲವಾದರೆ ಕೋಣೆ ಹೊಲಿಗೆಗೆ. ನೀವು ಕೆಳಗಿನ ಕ್ಲಾಸುಗಳಿಗೆ ಲೆಕ್ಕ ಹೇಳಿಕೊಡಿ.

ಹೆಡ್ ಮೇಡಂ ಕೆಟ್ಟವರೇನಲ್ಲ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುತ್ತಿದ್ದರು, ಅಷ್ಟೆ. ಕೊನೆಗೆ ಒಂದು ಮಾತು ಸೇರಿಸಿದರಂತೆ: "ಸುಲಭ ಅನ್ನಿ, ಒಳ್ಳೇ ಮಾರ್ಕ್ಸ್ ಬರುತ್ತೆ ಅನ್ನಿ. ಜನಕ್ಕೆ ಬೇಕಿರೋದು ಅದೇ."

ಆ ಸಂಜೆ ಮನೆಗೆ ಬಂದವಳು ಚಪ್ಪಲಿಯಲ್ಲೇ ಅಡುಗೆಮನೆಗೆ ಬಂದಳು. ಅತ್ತೆ ಕಾಲು ನೋಡಿದರು, ಮುಖ ನೋಡಿದರು, ಬೈಯಲಿಲ್ಲ. ಏನಾಯಿತೆಂದು ನಾನು ಕೇಳಿದೆ. ಹೇಳಿದಳು.

"ಲೆಕ್ಕ ಹೇಳಿಕೊಡೋದು ಅಷ್ಟೇನು ಕೆಟ್ಟದ್ದಾ?" ಎಂದೆ.

"ಕೆಟ್ಟದ್ದಲ್ಲ ಅತ್ತಿಗೆ. ಆದ್ರೆ ಲೆಕ್ಕಕ್ಕೆ ಬೋರ್ಡ್ ಸಾಕು. ನಂಗೆ ಆ ನಲ್ಲಿ ಬೇಕು, ಆ ಕಿಟಕಿ ಬೇಕು." ಆಗ ಚಪ್ಪಲಿ ನೆನಪಾಗಿ ಬಿಚ್ಚುತ್ತ, "ಸುಲಭ ಅಂತ ಹೇಳಿದ್ರೆ ತುಂಬುತ್ತೆ ಬೆಂಚು" ಎಂದಳು.

ಮರುದಿನದಿಂದ ನಮ್ಮ ಅಡುಗೆಮನೆಯಲ್ಲಿ ಆ ಭಾಷಣದ ತಾಲೀಮು ಶುರುವಾಯಿತು. ನಾನು ತಾಯಿ. ಅತ್ತೆ ಒಂಬತ್ತನೆಯ ಕ್ಲಾಸಿಗೆ ಸೇರಲಿರುವ ಹುಡುಗಿ.

"ಈ ವಯಸ್ಸಲ್ಲಿ ನನ್ನ ಹೈಸ್ಕೂಲಿಗೆ ಹಾಕ್ತೀಯಾ? ಹಲ್ಲಿಲ್ಲದ ಹುಡುಗೀನ ಯಾರು ಸೇರಿಸ್ಕೋತಾರೆ?" ಎಂದರು ಅತ್ತೆ.

"ಸುಮ್ನೆ ಕೂತ್ಕೋ ಅಮ್ಮ. ಪೋಷಕರೇ, ಭೌತಶಾಸ್ತ್ರ ಬಹಳ ಸುಲಭವಾದ ವಿಷಯ."

"ಪರೀಕ್ಷೆ ಹಿಂದಿನ ದಿನ ದಿಂಬಲ್ಲಿ ಮುಖ ಇಟ್ಟು ಅತ್ತಿದ್ದು ಯಾರು ಹಾಗಾದ್ರೆ? ಪಕ್ಕದ್ಮನೆಯವಳಾ?"

ಆ ಭಾಷಣ ಅಲ್ಲಿಗೇ ಬಿತ್ತು.

ಮರುದಿನ ಇನ್ನೊಂದು ತಂದಳು. ಅದರಲ್ಲಿ ಇದ್ದದ್ದು ಇದ್ದ ಹಾಗೆ. ಮೊದಲ ತಿಂಗಳು ಬರೀ ಅಳೆಯುವುದು. ಆಮೇಲೆ ಚಲನೆ, ಆಮೇಲೆ ಶಾಖ, ಬೆಳಕು, ಕೊನೆಗೆ ವಿದ್ಯುತ್ತು. ವಾರಕ್ಕೊಂದು ದಿನ ಪ್ರಯೋಗ. ಒಂದೊಂದನ್ನೂ ಬಿಡಿಸಿ ಬಿಡಿಸಿ ಹೇಳಿದಳು. ನಾನು ಎರಡು ದಿನಕ್ಕಾಗುವಷ್ಟು ಬೀನ್ಸ್ ಹೆಚ್ಚಿ ಮುಗಿಸಿದ್ದೆ. ಅವಳು ಬೀನ್ಸಿನ ರಾಶಿ ನೋಡಿ ಕಾಗದ ಮಡಚಿಟ್ಟಳು.

ಮೂರನೆಯ ದಿನ ಮೂರು ಬೋಗುಣಿ ತೆಗೆದಳು. ಒಂದರಲ್ಲಿ ಕೈ ತಡೆಯುವಷ್ಟು ಬಿಸಿ ನೀರು, ಒಂದರಲ್ಲಿ ಐಸ್ ಹಾಕಿದ ನೀರು, ನಡುವಿನದರಲ್ಲಿ ಉಗುರುಬೆಚ್ಚಗಿನ ನೀರು. ಅತ್ತೆಯ ಬಲಗೈಯನ್ನು ಬಿಸಿಯದರಲ್ಲೂ ಎಡಗೈಯನ್ನು ತಣ್ಣನೆಯದರಲ್ಲೂ ಇಡಿಸಿ, ಸ್ವಲ್ಪ ಹೊತ್ತಾದ ಮೇಲೆ ಎರಡನ್ನೂ ಒಟ್ಟಿಗೆ ನಡುವಿನ ನೀರಿನಲ್ಲಿ ಮುಳುಗಿಸಿದಳು.

"ಹೇಗಿದೆ ಅಮ್ಮ? ಬಿಸಿಯಾ, ತಣ್ಣಗಾ?"

ಅತ್ತೆ ಒಂದು ಕೈ ನೋಡಿದರು, ಇನ್ನೊಂದು ಕೈ ನೋಡಿದರು. "ಬಲಗೈ ತಣ್ಣಗಿದೆ ಅನ್ನತ್ತೆ. ಎಡಗೈ ಬಿಸಿ ಅನ್ನತ್ತೆ. ಇರೋದು ಒಂದೇ ನೀರು." ಆಮೇಲೆ ನನ್ನ ಕಡೆ ತಿರುಗಿದರು. "ನೀನೂ ನಾನೂ ನನ್ನ ಮಗನ ಹತ್ರ ಚಾಡಿ ಹೇಳ್ದಂಗಿದೆ ಕಣೇ."

ನನ್ನ ಕೈಯ ಚಾಕು ಯಾವಾಗಲೋ ಕೆಳಗಿತ್ತು. ನಾದಿನಿ ಅದನ್ನು ನೋಡಿದಳು.

"ಇದನ್ನೇ ತೋರಿಸ್ತೀನಿ. ಕೈ ನಂಬೋ ಹಾಗಿಲ್ಲ, ಅದಕ್ಕೇ ಅಳೀತೀವಿ, ಅದಕ್ಕೇ ಈ ಪಾಠ. ಅಷ್ಟು ಹೇಳಿ ಕೂತ್ಕೋತೀನಿ" ಎಂದಳು.

ಆ ದಿನ ಬಂತು. ನೀರು ಕಾಯಿಸಿಕೊಡಲು ನಾನೂ ಜೊತೆಗೆ ಹೋದೆ. ಮಾತಾಡುವವರಲ್ಲಿ ನಾದಿನಿಯೇ ಮೊದಲು ಎಂದು ಹೇಳಿದ್ದರು. ಶಾಲೆಯಲ್ಲಿ ಟೀ ಮಾಡುವಾಕೆಯ ಸ್ಟೌ ಕೇಳಿ ಪಡೆದು ನೀರು ಕಾಯಿಸಿ, ತಂದಿದ್ದ ಐಸನ್ನು ಇನ್ನೊಂದರಲ್ಲಿ ಹಾಕಿ, ಬೋಗುಣಿಗಳನ್ನು ಸಭೆಯ ಹಾಲಿನ ವೇದಿಕೆಯ ಮೇಜಿನ ಮೇಲಿಟ್ಟು, ತಟ್ಟೆ ಮುಚ್ಚಿ, ಬಾಗಿಲ ಬಳಿ ನಿಂತೆ. ಹಾಲ್ ಜನರಿಂದ ತುಂಬಿ ಹೋಗಿತ್ತು. ಅಪ್ಪಂದಿರು ಗೋಡೆಗೆ ಒರಗಿ ನಿಂತಿದ್ದರು. ಬೇಸಿಗೆಯ ಸೆಕೆ ಬೇರೆ.

ಹೆಡ್ ಮೇಡಂ ಸ್ವಾಗತ ಹೇಳಲು ಎದ್ದರು. ಸ್ವಾಗತ ಹೇಳಿದರು. ಶಾಲೆ ಕಟ್ಟಿದ ಕತೆ ಹೇಳಿದರು. ಗೋಡೆಗೆ ಸುಣ್ಣ ಹೊಡೆಸಿದ ಕತೆ ಹೇಳಿದರು. ಆಮೇಲೆ ದಾನಿಗಳು ಬಂದರು. ಅವರಿಗೆ ಬೇಗ ಹೋಗಬೇಕಂತೆ, ಆದ್ದರಿಂದ ಹೊಲಿಗೆ ಮೊದಲಾಗಲಿ ಎಂದರು. ಹೊಲಿಗೆ ಟೀಚರು ಹುಡುಗಿಯರಿಗೆ ಫ್ರಾಕು ತೊಡಿಸಿ ಒಬ್ಬೊಬ್ಬರನ್ನಾಗಿ ನಡೆಸಿದರು. ಪ್ರತಿ ಫ್ರಾಕಿಗೂ ಚಪ್ಪಾಳೆ. ದಾನಿಗಳೂ ನಾಲ್ಕು ಮಾತಾಡಿದರು. ನಾಲ್ಕು ಎಂದು ಅವರೇ ಹೇಳಿದ್ದು, ಎಣಿಸಿದವರು ಯಾರೂ ಇಲ್ಲ.

ಮೇಜಿನ ಮೇಲಿನ ನೀರು ನನಗೆ ನೆನಪಾಯಿತು. ಓಡಿಹೋಗಿ ಸ್ಟೌ ಕೇಳಿದೆ. ಟೀ ಮಾಡುವಾಕೆ ಅದರ ಮೇಲೆ ದೊಡ್ಡ ಪಾತ್ರೆ ಏರಿಸಿಯಾಗಿತ್ತು. "ಇಷ್ಟು ಜನಕ್ಕೆ ಟೀ ಆಗ್ಬೇಕಮ್ಮ. ನಿಮ್ಮ ನೀರು ಯಾರೂ ಕುಡಿಯಲ್ವಲ್ಲ" ಎಂದಳು. ಅದೂ ನಿಜವೇ.

ನಾದಿನಿಯ ಸರದಿ ಬರುವ ಹೊತ್ತಿಗೆ ಜನ ಕೈಗಡಿಯಾರ ನೋಡುತ್ತಿದ್ದರು. ಅವಳು ಎದ್ದು ಒಬ್ಬರು ಮುಂದೆ ಬನ್ನಿ ಎಂದಳು. ಮುಂದಿನ ಸಾಲಿನಲ್ಲಿ ಬೇಕರಿಯವನು, ಅವನ ಹೆಂಡತಿ, ಅವರ ಮಗಳು ಕುಳಿತಿದ್ದರು. ನಾವು ಬ್ರೆಡ್ ತರುತ್ತಿದ್ದದ್ದು ಅವನಲ್ಲೇ.

"ನನ್ನ ಕೈ ಒಲೆ ಮುಂದೆ ಬೆಂದು ಬೆಂದು ಸತ್ತಿದೆ ಮೇಡಂ, ಬಿಸಿ ತಂಪು ಏನೂ ಗೊತ್ತಾಗಲ್ಲ. ಇವಳನ್ನ ಕರೀರಿ" ಎಂದ ಅವನು.

"ಆ ಕೈಯಲ್ಲೇ ಇವರು ನಂಗೆ ಜ್ವರ ಇದೆಯಾ ಅಂತ ನೋಡೋದು" ಎನ್ನುತ್ತ ಹೆಂಡತಿ ಎದ್ದು ಬಂದಳು. ಜನ ನಕ್ಕರು. ನಾದಿನಿ ತಟ್ಟೆ ತೆಗೆದು ಆಕೆಯ ಎರಡೂ ಕೈಗಳನ್ನು ಎರಡು ಬೋಗುಣಿಗಳಲ್ಲಿ ಇಡಿಸಿದಳು.

"ಇದು ಬಿಸಿ, ಇದು ತಣ್ಣಗೆ, ಹೌದಾ?"

ಆಕೆ ಪಾಪ, ಒಳ್ಳೆಯ ಹೆಂಗಸು. ಹೌದೆನ್ನಲು ನೋಡಿದಳು. ಕೊನೆಗೆ, "ಎರಡೂ ಒಂದೇ ಥರ ಇದೆಯಲ್ಲಮ್ಮ" ಎಂದಳು.

ನಾದಿನಿ ತಾನೇ ಕೈ ಅದ್ದಿದಳು. ಐಸಿನ ಒಂದು ಚೂರೂ ಉಳಿದಿರಲಿಲ್ಲ. ಬಿಸಿಯದರಲ್ಲಿ ಬಿಸಿ ಉಳಿದಿರಲಿಲ್ಲ. ಹಿಂದಿನಿಂದ ಯಾರೋ, "ಇದಕ್ಕಿಂತ ಫ್ರಾಕೇ ವಾಸಿ" ಎಂದರು. ಹಾಲಿಗೆ ಹಾಲೇ ನಕ್ಕಿತು. ನಾದಿನಿಯ ಕಿವಿ ಕೆಂಪಾದದ್ದು ನನಗೆ ಬಾಗಿಲ ಬಳಿಯಿಂದಲೇ ಕಾಣಿಸಿತು. ಮೂರು ಬೆಂಚು ಹೋದ ಹಾಗೇ ಎಂದುಕೊಂಡೆ.

ಅವಳು ಒದ್ದೆ ಕೈಗಳನ್ನು ಮುಂದೆ ಹಿಡಿದುಕೊಂಡೇ ನಿಂತಿದ್ದಳು. ಬಾಯಿಪಾಠ ಮಾಡಿಕೊಂಡಿದ್ದು ಒಂದೂ ಹೊರಬರಲಿಲ್ಲ. ಬಂದದ್ದು ನಮ್ಮ ಅಡುಗೆಮನೆಯ ಮಾತು.

"ನಾನು ತೋರಿಸ್ಬೇಕು ಅಂತಿದ್ದದ್ದು ಇದಲ್ಲ. ನೀರು ಇಟ್ಟಾಗ ಒಂದು ಬಿಸಿ ಇತ್ತು, ಒಂದು ಐಸಿನ ಹಾಗಿತ್ತು. ನಾವೆಲ್ಲ ಭಾಷಣ ಕೇಳ್ತಾ ಕೂತಿದ್ವಿ. ನೀರು ಯಾರ ಭಾಷಣಾನೂ ಕೇಳ್ತಾ ಕೂರಲ್ಲ."

ಈಗ ನಕ್ಕ ನಗು ಬೇರೆಯದು. ಹೆಡ್ ಮೇಡಂ ಮುಖ ಇಂಗು ತಿಂದ ಮಂಗನ ಹಾಗಾಯಿತು. ದೊಡ್ಡವರು, ಹೀಗೆ ಬರೆಯಬಾರದು, ಆದರೆ ಆಗಿದ್ದು ಹಾಗೆಯೇ.

"ನಿಮ್ಮ ಮಕ್ಕಳು ಈ ಕ್ಲಾಸಿಗೆ ಬಂದ್ರೆ ಹೀಗೇ ಆಗೋದು. ನಾನು ಒಂದು ಅಂದ್ಕೊಂಡಿರ್ತೀನಿ, ಇನ್ನೊಂದಾಗತ್ತೆ. ಆಗ ಮನೆಗೆ ಹೋಗಲ್ಲ ನಾವು. ಏನಾಯ್ತು ಅಂತ ಕೇಳ್ತೀವಿ." ಬೇಕರಿಯವನ ಮಗಳ ಕಡೆ ತಿರುಗಿದಳು. "ನೀನು ಹೇಳಮ್ಮ. ಏನಾಯ್ತು?"

ಹುಡುಗಿ ಎದ್ದು ನಿಂತಳು. "ಬಿಸಿ ಇದ್ದದ್ದು ಆರಿದೆ."

"ತಣ್ಣಗಿದ್ದದ್ದು?"

"ಬೆಚ್ಚಗಾಗಿದೆ."

"ಅದರ ಕೆಳಗೆ ಸ್ಟೌ ಇರಲಿಲ್ಲ. ಬೆಚ್ಚಗೆ ಮಾಡಿದ್ದು ಯಾರು?"

ಹುಡುಗಿಯ ಅಪ್ಪ, "ಹೇಳು, ಹೇಳು" ಎಂದು ಮೊಣಕೈಯಿಂದ ತಿವಿದ. ಹಿಂದಿನ ಸಾಲಿನಿಂದ ಒಬ್ಬ ತಾಯಿ, "ಸೆಕೆ" ಎಂದಳು. ಅವಳ ಪಕ್ಕದಾಕೆ, "ಸೆಕೆ ಎಲ್ಲಿಂದ ಬಂತೇ? ಇಷ್ಟು ಜನ ಒತ್ತಿಕೊಂಡು ಕೂತಿದ್ದೀವಲ್ಲ, ನಾವೇ ಬಿಸಿ ಮಾಡಿದ್ದು" ಎಂದಳು. ಆಗಲೇ ನೋಡಿ, ಹಾಲಿನಲ್ಲಿ ಗಲಾಟೆ ಶುರುವಾದದ್ದು. ಮನುಷ್ಯರ ಮೈ ಬಿಸಿಗೆ ನೀರು ಕಾಯುತ್ತದೆಯೇ ಎಂದು ಒಬ್ಬರು. ತಗಡಿನ ಚಾವಣಿಯಿಂದ ಬಂದದ್ದು ಎಂದು ಇನ್ನೊಬ್ಬರು. ಗೋಡೆಗೆ ಒರಗಿದ್ದ ಒಬ್ಬ ಅಪ್ಪ ಕೈ ಎತ್ತಿ ಕೇಳಿದ:

"ಹಾಗಾದ್ರೆ ಮೇಡಂ, ನಾವೆಲ್ಲ ಸಂಜೆವರೆಗೂ ಹೀಗೇ ಕೂತ್ರೆ ಕುದಿಯುತ್ತಾ ಅದು?"

ಯಾರೂ ನಗಲಿಲ್ಲ. ಎಲ್ಲರಿಗೂ ಅದರ ಉತ್ತರ ಬೇಕಿತ್ತು.

"ಕುದಿಯಲ್ಲ. ಯಾಕೆ ಕುದಿಯಲ್ಲ ಅಂತ ಹೇಳೋಕೆ ನಂಗೆ ಎರಡು ತಿಂಗಳು ಬೇಕು. ಈಗ ಹೇಳಿದ್ರೆ ಅದು ಬರೀ ಮಾತು. ನಿಮ್ಮ ಮಗಳನ್ನ ಕಳಿಸಿ, ಅವಳೇ ಬಂದು ಹೇಳ್ತಾಳೆ."

ಆಮೇಲೆ ಉಳಿದದ್ದನ್ನೂ ಹೇಳಿದಳು. ಮೊದಲನೆಯ ಪರೀಕ್ಷೆಯಲ್ಲಿ ಮಾರ್ಕ್ಸ್ ಇಳಿಯುತ್ತದೆ, ಹೆದರಬೇಡಿ, ಹೊಡೆಯಬೇಡಿ. ಮನೆಗೆ ಬಂದು ನಿಮಗೆ ಗೊತ್ತಿಲ್ಲದ್ದನ್ನು ಕೇಳುತ್ತಾರೆ. ಗೊತ್ತಿಲ್ಲ ಎನ್ನಿ. ಕೆಲವು ನನಗೂ ಗೊತ್ತಿರುವುದಿಲ್ಲ. ಸುಲಭ ಎಂದು ಮಾತ್ರ ಹೇಳಲಾರೆ. ನನಗೇ ಸುಲಭವಾಗಿರಲಿಲ್ಲ.

"ಸುಲಭ ಅನ್ನಿ ಅಂತ ಅಷ್ಟು ಹೇಳಿದ್ದೆ" ಎಂದು ಹೆಡ್ ಮೇಡಂ ಪಕ್ಕದವರಿಗೆ ಹೇಳುತ್ತಿದ್ದರು. ನನಗೆ ಕೇಳಿಸಿತು.

ಟೀ ಆದ ಮೇಲೆ ಹುಡುಗಿಯರಿಗೆ ಅವರವರು ಆರಿಸಿದ ಕೋಣೆಗೆ ಹೋಗಿ ಕುಳಿತುಕೊಳ್ಳಿ ಎಂದರು. ನಾನು ಬೋಗುಣಿಗಳ ನೀರು ಚೆಲ್ಲಿ ಓಣಿಯ ಕೊನೆಗೆ ಹೋದೆ. ಮೊದಲನೆಯ ಬೆಂಚು ತುಂಬಿತು. ಎರಡನೆಯದೂ ತುಂಬಿತು. ಮೂರನೆಯದರಲ್ಲಿ ಬೇಕರಿಯವನ ಮಗಳು ಬಂದು ಒಂದು ತುದಿಗೆ ಕುಳಿತಳು. ನಾದಿನಿ ಕಿಟಕಿಯ ಬಳಿ ನಿಂತು ಓಣಿಯನ್ನೇ ನೋಡುತ್ತಿದ್ದಳು. ಓಣಿಯಲ್ಲಿ ಕಾಲಸಪ್ಪಳ ಬರುತ್ತಿತ್ತು, ಪೆಟ್ಟಿಗೆಗಳ ಹತ್ತಿರ ನಿಧಾನವಾಗುತ್ತಿತ್ತು, ಹೊಲಿಗೆಯ ಕಡೆಗೆ ತಿರುಗಿ ಹೋಗುತ್ತಿತ್ತು. ಆಮೇಲೆ ಸಪ್ಪಳವೂ ನಿಂತಿತು.

ಹೆಡ್ ಮೇಡಂ ಬಂದು ಬಾಗಿಲಲ್ಲಿ ನಿಂತರು. ಮೂರನೆಯ ಬೆಂಚನ್ನು ನೋಡಿದರು.

"ಟೀಚರ್, ಮಾತು ಮಾತೇ. ಬೆಂಚು ತುಂಬಿಲ್ಲ."

"ತುಂಬಿಲ್ಲ ಮೇಡಂ" ಎಂದಳು ನಾದಿನಿ.

ಬೇಕರಿಯವನ ಮಗಳು ಬೆಂಚಿನ ತುದಿಯಿಂದ ನಡುವಿಗೆ ಸರಿದು, ಎರಡೂ ಕೈಗಳನ್ನು ಅಗಲ ಮಾಡಿ ಬೆಂಚಿನ ಮೇಲಿಟ್ಟು ಕುಳಿತಳು, ಇನ್ನಷ್ಟು ಜಾಗ ತುಂಬುವಂತೆ. ಹೆಡ್ ಮೇಡಂ ಅವಳನ್ನು ನೋಡಿ ನಗು ತಡೆದುಕೊಂಡರು. ಸ್ವಲ್ಪ ಹೊತ್ತು ಹೊರಗಿನ ಪೆಟ್ಟಿಗೆಗಳನ್ನು ನೋಡಿದರು. ನೀರು ಆರಿದ್ದಕ್ಕೆ ತಮ್ಮ ಭಾಷಣವೂ ಕಾರಣ ಎಂಬುದು ಮನಸ್ಸಿನಲ್ಲಿತ್ತೋ ಏನೋ. "ಮೇಜು ಆ ಗೋಡೆಗೆ ಸರಿಸಿ. ಈ ಅರ್ಧ ಮೆಷಿನ್ನಿಗೆ, ಆ ಅರ್ಧ ನಿಮಗೆ. ಒಂದು ವರ್ಷ ನೋಡೋಣ" ಎಂದರು.

ಮನೆಯಲ್ಲಿ ಅತ್ತೆಗೆ ಹೇಳಿದಾಗ, "ನಲ್ಲಿ ಯಾವ ಅರ್ಧಕ್ಕೆ ಬಂತು?" ಎಂದು ಕೇಳಿದರು.

"ನನ್ನ ಅರ್ಧಕ್ಕೆ."

"ಕಿಟಕಿ?"

"ನಡುವಲ್ಲಿದೆ."

"ಹಾಗಾದ್ರೆ ಯಾಕೆ ಮುಖ ಗಂಟು ಹಾಕ್ಕೊಂಡಿದ್ದೀಯ? ಊಟಕ್ಕೇಳು."

ಒಂದು ವರ್ಷ ಎಂದದ್ದು ಅವಳು ರಿಟೈರಾಗುವವರೆಗೂ ನಡೆಯಿತು. ಈಗ ಆ ಕೋಣೆಯಲ್ಲಿ ಕಂಪ್ಯೂಟರುಗಳಿವೆ, ಮೆಷಿನ್ನುಗಳೂ ಹೋದವು, ನಲ್ಲಿಗೆ ಮರದ ಬಿರಡೆ ಹೊಡೆದಿದ್ದಾರೆ. ಹೋದ ವರ್ಷ ಹೋಗಿ ನೋಡಿ ಬಂದೆ. ನೋಡಬಾರದಿತ್ತು ಎನ್ನಿಸಿತು. ನನ್ನ ಕಣ್ಣಿಗೆ ಆ ಕೋಣೆ ಈಗಲೂ ಹಾಗೆಯೇ ಇದೆ: ಒಂದು ಕಡೆ ಸೀಮೆಸುಣ್ಣದ ಪುಡಿ, ಇನ್ನೊಂದು ಕಡೆ ದಾರದ ತುಂಡು, ನಡುವೆ ಕಿಟಕಿಯ ಬಿಸಿಲು. ಹೊಲಿಗೆ ಟೀಚರು ಮೊದಮೊದಲು ಮಾತಾಡುತ್ತಿರಲಿಲ್ಲ. ಆಮೇಲೆ ಇಬ್ಬರೂ ಒಂದೇ ಡಬ್ಬಿಯಲ್ಲಿ ಊಟ ಮಾಡುತ್ತಿದ್ದರು.

ಕ್ಲಾಸು ಶುರುವಾದ ಮೊದಲ ವಾರ ಒಂದು ದಿನ ನಾನು ಅಲ್ಲಿಗೆ ಹೋಗಿದ್ದೆ. ನಾದಿನಿ ಆತುರದಲ್ಲಿ ಕನ್ನಡಕ ಮರೆತು ಹೋಗಿದ್ದಳು, ಕೊಡಲು ಹೋದೆ. ಒಂದು ಕಡೆ ಮೆಷಿನ್ನುಗಳು ಟಕಟಕ ಎನ್ನುತ್ತಿದ್ದವು, ಅದರ ಮೇಲೆ ದನಿ ಏರಿಸಿ ಇವಳು ಪಾಠ ಹೇಳುತ್ತಿದ್ದಳು. ಅಷ್ಟರಲ್ಲಿ ಹೊಲಿಗೆಯ ಕಡೆಯ ಒಬ್ಬ ಹುಡುಗಿಯ ಕೈಯಿಂದ ಡಬ್ಬಿ ಜಾರಿ, ಸೂಜಿ, ಪಿನ್ನು, ಗುಂಡಿ ಎಲ್ಲ ನೆಲದ ತುಂಬ ಚೆಲ್ಲಿದವು. ಎಲ್ಲರೂ ಕಾಲು ಮೇಲೆತ್ತಿಕೊಂಡರು. ಹೊಲಿಗೆ ಟೀಚರು ಬೈಯಲು ಬಾಯಿ ತೆರೆದರು.

ನಾದಿನಿ ಗಾಜಿನ ಬೀರು ತೆಗೆದು ಅಯಸ್ಕಾಂತ ತಂದು ಆ ಹುಡುಗಿಯ ಕೈಗೆ ಕೊಟ್ಟಳು. ಹುಡುಗಿ ಮಂಡಿಯೂರಿ ನೆಲದ ಮೇಲೆ ಆಡಿಸಿದಳು. ಸೂಜಿಗಳು ಎದ್ದೆದ್ದು ಬಂದು ಮುಳ್ಳುಹಂದಿಯ ಹಾಗೆ ಅಂಟಿಕೊಂಡವು. ಮೆಷಿನ್ನುಗಳು ಒಂದೊಂದಾಗಿ ನಿಂತವು. ಆ ಕಡೆಯವರೂ ಈ ಕಡೆಯವರೂ ಬಗ್ಗಿ ನೋಡುತ್ತಿದ್ದರು.

ಸೂಜಿಗಳೆಲ್ಲ ಬಂದವು. ಗುಂಡಿಗಳು ನೆಲದ ಮೇಲೆಯೇ ಉಳಿದವು. ಹುಡುಗಿ ಒಂದು ಗುಂಡಿಯ ಮೇಲೆ ಅಯಸ್ಕಾಂತ ಹಿಡಿದಳು, ಒತ್ತಿದಳು, ತಿರುಗಿಸಿ ಹಿಡಿದಳು.

"ಟೀಚರ್, ಗುಂಡಿ ಯಾಕೆ ಬರಲ್ಲ?"

ನಾದಿನಿ ಹೊಲಿಗೆ ಟೀಚರ ಮುಖ ನೋಡಿದಳು. ಅವರು ನಿಟ್ಟುಸಿರು ಬಿಟ್ಟು, ಆಗಲಿ ಎಂದು ತಲೆಯಾಡಿಸಿದರು. ಆಗ ಮೂರನೆಯ ಬೆಂಚು ತೋರಿಸಿ, "ಅಲ್ಲಿ ಜಾಗ ಇದೆ" ಎಂದಳು. ಹುಡುಗಿ ಒಂದು ಕೈಯಲ್ಲಿ ಅಯಸ್ಕಾಂತ, ಇನ್ನೊಂದು ಕೈಯಲ್ಲಿ ಗುಂಡಿ ಹಿಡಿದುಕೊಂಡೇ ಹೋಗಿ ಬೇಕರಿಯವನ ಮಗಳ ಪಕ್ಕ ಕುಳಿತಳು.